ಡಿ ಕೆಳಗಿನ ಮೂರು ಗೇರು

ನನ್ನ ತಮ್ಮನಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವಳು ನಾನು. ಅದೇ ತಮ್ಮ ಈಗ ಆಸ್ಪತ್ರೆಯ ವಾಹನ ವಿಭಾಗದ ಮೇಲ್ವಿಚಾರಕ, ನಾನು ಅವನ ಕೈಕೆಳಗಿನ ವ್ಯಾನ್ ಡ್ರೈವರ್. ಮನೆಯಲ್ಲಿ ಅವನು ‘ಅಕ್ಕಾ’ ಎನ್ನುತ್ತಾನೆ, ಆಫೀಸಿನಲ್ಲಿ ನಾನು ‘ಸಾರ್’ ಎನ್ನಬೇಕಂತೆ. ಇವತ್ತಿನವರೆಗೆ ಅಂದಿಲ್ಲ, ಮುಂದೆ ಅನ್ನುವುದೂ ಇಲ್ಲ.

ಆಸ್ಪತ್ರೆ ಇರುವುದು ಕೆಳಗೆ ಪೇಟೆಯಲ್ಲಿ. ಗುಡ್ಡದ ಮೇಲಿನ ಬಡಾವಣೆಯಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್‌ನವರನ್ನು ಕರೆತರುವುದು ನನ್ನ ಕೆಲಸ. ಏಳು ಕಿಲೋಮೀಟರ್ ಇಳಿಜಾರು, ಹದಿನೆಂಟು ತಿರುವು. ಹನ್ನೊಂದು ವರ್ಷದಿಂದ ಇಳಿಸುತ್ತಿದ್ದೇನೆ, ಒಬ್ಬರ ಕಾಲ ಮೇಲಿನ ಹೊದಿಕೆಯೂ ಜಾರಿಲ್ಲ.

ಹೋದ ವರ್ಷ ಆಟೋಮ್ಯಾಟಿಕ್ ವ್ಯಾನ್ ಬಂತು. ಆಟೋಮ್ಯಾಟಿಕ್ ಎಂದರೆ ಲಿವರನ್ನು ಡಿಗೆ ಹಾಕಿ ಮರೆತುಬಿಡುವುದು ಎಂದು ಆಫೀಸಿನವರ ತಿಳಿವಳಿಕೆ. ಡಿ ಕೆಳಗೆ ಮೂರು, ಎರಡು, ಎಲ್ ಎಂದು ಬರೆದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇನು ಅಂದಕ್ಕೆ ಬರೆದಿದ್ದಾರೆಯೇ? ಸಮತಟ್ಟು ರಸ್ತೆಯಲ್ಲಿ ಗಾಡಿ ತನ್ನ ಗೇರನ್ನು ತಾನೇ ನೋಡಿಕೊಳ್ಳುತ್ತದೆ, ಒಪ್ಪುತ್ತೇನೆ. ಆದರೆ ತಿರುವಿನಾಚೆ ಇನ್ನೆಷ್ಟು ಇಳಿಜಾರು ಬಾಕಿ ಇದೆ ಎಂದು ಅದಕ್ಕೆ ಗೊತ್ತಿಲ್ಲ, ನನಗೆ ಗೊತ್ತು. ಗೇರು ಇಳಿಸಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ. ಇಂಜಿನ್ ಒಂದಿಷ್ಟು ಕೂಗುತ್ತದೆ. ಕೂಗಲಿ, ನನ್ನ ಗಂಟೇನು ಹೋಗಬೇಕು?

ಆ ಕೂಗು ತಮ್ಮನಿಗೆ ಆಗಿಬರಲಿಲ್ಲ. ಹೋದ ತಿಂಗಳು ವ್ಯಾನಿಗೆ ಒಂದು ಪೆಟ್ಟಿಗೆ ಕೂರಿಸಿದ. ಓಡಿಸುವವರು ತಮ್ಮ ಕಾರ್ಡನ್ನು ಅದರೊಳಗೆ ತೂರಿಸಬೇಕು. ಇಂಜಿನ್ ಮಿತಿ ಮೀರಿ ಕೂಗಿದರೆ ಅದು ‘ಕುಂಯ್’ ಎಂದು ಆ ಕಾರ್ಡಿನ ಮೇಲೆ ಒಂದು ಕೆಂಪು ಗೆರೆ ಹಾಕುತ್ತದೆ. ಪ್ರತಿ ಗೆರೆಗೂ ಒಂದು ಫಾರಂನಲ್ಲಿ ಕಾರಣ ಬರೆದುಕೊಡಬೇಕು, ತಮ್ಮ ಒಪ್ಪಿದರೆ ಗೆರೆ ರದ್ದು. ಮೂರು ಗೆರೆಯಾದರೆ ಡ್ರೈವರ್ ಸೀಟು ಬಿಡಬೇಕು. ವ್ಯಾನ್ ತುಂಬಿದ್ದ ದಿನಗಳಲ್ಲಿ ನನಗೆ ಎರಡು ಬಿದ್ದವು. ಎರಡು ಸಲವೂ ಫಾರಂನ ‘ಕಾರಣ’ ಎಂಬ ಕಡೆ ‘ಇಳಿಜಾರು’ ಎಂದು ಬರೆದುಕೊಟ್ಟೆ. ಎರಡು ಸಲವೂ ತಮ್ಮ ಅದಕ್ಕೆ ಅಡ್ಡಗೆರೆ ಎಳೆದು ‘ಸಮರ್ಪಕವಲ್ಲ’ ಎಂದು ಬರೆದ. ಇಳಿಜಾರು ಏನೋ ನನ್ನ ಸ್ವಂತ ಅಭಿಪ್ರಾಯ ಎನ್ನುವ ಹಾಗೆ!

ಅಷ್ಟಕ್ಕೇ ಬಿಡಲಿಲ್ಲ. ಲಿವರ್ ಡಿಯಿಂದ ಕೆಳಗೆ ಹೋಗದ ಹಾಗೆ ಒಂದು ತಗಡಿನ ಪಟ್ಟಿ ಇಟ್ಟು ಎರಡು ಸ್ಕ್ರೂ ಬಿಗಿದ. ನನ್ನ ಚೀಲದಲ್ಲಿ ಸ್ಕ್ರೂಡ್ರೈವರ್ ಇದ್ದೇ ಇರುತ್ತದೆ. ಗುಡ್ಡದ ಮೇಲೆ ಪಟ್ಟಿ ಬಿಚ್ಚುತ್ತಿದ್ದೆ, ಕೆಳಗೆ ಬಂದು ಮತ್ತೆ ಬಿಗಿಯುತ್ತಿದ್ದೆ. ಒಂದು ವಾರ ಹೀಗೇ ನಡೆಯಿತು. ಆಮೇಲೆ ಸ್ಕ್ರೂ ತಲೆಯ ಗೀರುಗಳು ಅವನ ಕಣ್ಣಿಗೆ ಬಿದ್ದವು.

ಆ ಬೆಳಿಗ್ಗೆ ಬಡಾವಣೆಯ ಗೇಟಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಕಾಗದ ಹಿಡಿದು ನಿಂತಿದ್ದ. ವ್ಯಾನಿನೊಳಗೆ ಆರು ಜನ ಆಗಲೇ ಕೂತಿದ್ದರು.

“ಇನ್ಮೇಲೆ ಡಿ ಬಿಟ್ಟು ಬೇರೆ ಗೇರ್ ಹಾಕಲ್ಲ ಅಂತ ಬರೆದಿದೆ. ಸೈನ್ ಮಾಡು. ಇಲ್ಲಾಂದ್ರೆ ಕೀ ಕೊಡು.”

“ಸೈನ್ ಮಾಡಲ್ಲ.”

“ಅಕ್ಕಾ, ನನ್ ಮರ್ಯಾದೆ ತೆಗೀಬೇಡ. ಗಾಡಿಗೆ ಬುದ್ಧಿ ಇದೆ, ಅದೇ ನೋಡ್ಕೊಳ್ಳತ್ತೆ.”

“ಇರೋದು ಅದಕ್ಕೊಂದಕ್ಕೇ ಅಂತ ಕಾಣತ್ತೆ.”

ಹಿಂದಿನ ಸೀಟಿನಿಂದ ಟೀಚರಮ್ಮ ಕಿಸಕ್ಕನೆ ನಕ್ಕರು. ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಅವರಿಗೆ ಜಗಳವೆಂದರೆ ಇಷ್ಟ. ತಮ್ಮನ ಕಿವಿ ಕೆಂಪಾಯಿತು. “ಸರಿ, ಇವತ್ತು ನಾನೇ ಓಡಿಸ್ತೀನಿ. ಪಕ್ಕದಲ್ಲಿ ಕೂತು ನೋಡು,” ಎಂದು ಕೀ ಕಿತ್ತುಕೊಂಡ. ತನ್ನ ಕಾರ್ಡನ್ನು ಪೆಟ್ಟಿಗೆಗೆ ತೂರಿಸಿದ.

ನಾನು ಕೂತೆ. ಈ ಆರು ಜನರನ್ನು ಇನ್ನೊಬ್ಬರ ಕೈಗೆ ಕೊಡುವುದಕ್ಕೆ ನನಗೆ ಮನಸ್ಸಿಲ್ಲ, ಅಷ್ಟೇ ವಿಷಯ.

ಮೊದಲ ನಾಲ್ಕು ತಿರುವು ಅವನ ಬಾಯಿ ನಿಲ್ಲಲಿಲ್ಲ. “ನೋಡು, ಎಷ್ಟು ಸದ್ದಿಲ್ದೆ ಹೋಗ್ತಿದೆ.” ಸದ್ದಿರಲಿಲ್ಲ ನಿಜ, ಆದರೆ ಅವನ ಕಾಲು ಬ್ರೇಕಿನ ಮೇಲೇ ಇತ್ತು. ಏಳನೆಯ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಒಂಬತ್ತನೆಯದರಲ್ಲಿ ಅವನ ಮಾತು ನಿಂತಿತು. ಹತ್ತನೆಯದರಲ್ಲಿ ಪೆಡಲನ್ನು ಎರಡೆರಡು ಸಲ ತುಳಿದ.

“ಅಕ್ಕಾ... ಬ್ರೇಕ್ ಮೆತ್ತಗಾಗಿದೆ.”

“ಗೇರ್ ಇಳಿಸು.”

“ಪಟ್ಟಿ ಇದೆಯಲ್ಲ!”

ಬೆಳಿಗ್ಗೆ ತಾನೇ ಇನ್ನಷ್ಟು ಬಿಗಿದಿದ್ದ, ಮಹಾರಾಯ. ಚೀಲಕ್ಕೆ ಕೈ ಹಾಕಿದೆ. ಮೊದಲ ಸ್ಕ್ರೂ ಬೇಗ ಬಂತು. ಎರಡನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹಿಂದೆ ಯಾರೋ ದೇವರನ್ನು ಕರೆಯುತ್ತಿದ್ದರು. ನನ್ನ ಕೈಯೂ ಬೆವರಿತ್ತು, ಸುಳ್ಳು ಹೇಳುವುದಿಲ್ಲ. ಮೈಭಾರವೆಲ್ಲ ಹಾಕಿ ತಿರುಗಿಸಿದೆ, ಸ್ಕ್ರೂ ಸಡಿಲವಾಯಿತು. ತಗಡನ್ನು ಕಿತ್ತು ಕಾಲಡಿ ಎಸೆದೆ.

“ಆಕ್ಸಿಲರೇಟರ್ ಮುಟ್ಟಬೇಡ. ನೀನು ರಸ್ತೆ ನೋಡು, ಲಿವರ್ ನಂಗೆ ಬಿಡು.”

ಮೂರಕ್ಕೆ ಎಳೆದೆ. ಇಂಜಿನ್ ಗುಡುಗಿತು, ಪೆಟ್ಟಿಗೆ ಕುಂಯ್ ಎಂದಿತು. ಗಾಡಿ ಹಿಂದಕ್ಕೆ ಜಗ್ಗಿದಂತಾಗಿ ವೇಗ ತಗ್ಗಿತು. ಇನ್ನೊಂದು ತಿರುವು ದಾಟುವವರೆಗೆ ಕಾದು ಎರಡಕ್ಕೆ ಎಳೆದೆ. ಮತ್ತೆ ಕುಂಯ್. ಕೊನೆಗೆ ಎಲ್. ಮೂರನೆಯ ಕುಂಯ್. ಹನ್ನೆರಡನೆಯ ತಿರುವಿನ ಪಕ್ಕದ ಬಯಲಿನಲ್ಲಿ ಅಳಿದುಳಿದ ಬ್ರೇಕು, ಹ್ಯಾಂಡ್‌ಬ್ರೇಕು ಎರಡೂ ಸೇರಿ ವ್ಯಾನನ್ನು ನಿಲ್ಲಿಸಿದವು. ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು.

ತಮ್ಮ ಸ್ಟಿಯರಿಂಗ್ ಬಿಡಲಿಲ್ಲ. ನನಗೆ ಕನಿಕರವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಜಾಸ್ತಿ.

ಮುಕ್ಕಾಲು ಗಂಟೆ ಕಾದೆವು. ತಡವಾಗುತ್ತದೆಂದು ಆಸ್ಪತ್ರೆಗೆ ನಾನೇ ಫೋನ್ ಮಾಡಿದೆ. ಅಷ್ಟರಲ್ಲಿ ತಮ್ಮನ ಕಣ್ಣಿಗೆ ಪೆಟ್ಟಿಗೆ ಬಿತ್ತು. ಅವನ ಕಾರ್ಡಿನ ಮೇಲೆ ಮೂರು ಕೆಂಪು ಗೆರೆ.

“ಆಫೀಸಿಗೆ ಹೋಗಿ ಇದನ್ನ ಅಳಿಸ್ಬಿಡ್ತೀನಿ,” ಎಂದ ಮೆಲ್ಲಗೆ.

“ಮುಟ್ಟಿದ್ರೆ ನೋಡು! ನಂಗೆ ಬಿದ್ದಾಗ ಅಳಿಸಿದ್ಯಾ? ಫಾರಂ ತೆಗಿ. ಕಾರಣ ಬರಿ.”

“ಎಲ್ಲರ ಮುಂದೆ ಬೇಡ ಅಕ್ಕಾ...”

“ಎಲ್ಲರನ್ನೂ ಕೂರಿಸ್ಕೊಂಡೇ ತಾನೇ ಇಳಿಸಿದ್ದು?”

ಟೀಚರಮ್ಮ ಹಿಂದಿನಿಂದ ಪೆನ್ನು ಚಾಚಿದರು. “ಬರಿಯಪ್ಪ. ಅಕ್ಷರ ದುಂಡಗಿರಲಿ.”

ಅವನು ಪೆನ್ನು ತೆಗೆದುಕೊಂಡ. ನಾನು ಕಣ್ಣು ಕದಲಿಸಲಿಲ್ಲ. ಕೊನೆಗೆ ಬರೆದ. ಇಳಿಜಾರು. ಮೂರು ಫಾರಂಗೂ ಅದೇ.

ಚಕ್ರಗಳು ತಣ್ಣಗಾದವು. ಪೆಡಲ್ ತುಳಿದು ನೋಡಿದೆ, ಗಟ್ಟಿಯಾಗಿತ್ತು. ಅವನನ್ನು ಪಕ್ಕಕ್ಕೆ ಸರಿಸಿ ನಾನು ಕೂತೆ. ನನ್ನ ಕಾರ್ಡು ತೂರಿಸಿದೆ. ಇನ್ನೊಂದು ಗೆರೆ ಬಿದ್ದರೆ ನನಗೂ ಮೂರಾಗುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಬೇಕೆಂದೇ ಅವನ ಮುಖ ನೋಡುತ್ತ ಲಿವರನ್ನು ಎರಡಕ್ಕೆ ಎಳೆದು ಗಾಡಿ ಬಿಟ್ಟೆ.

ಎಲ್ಲಕ್ಕಿಂತ ಕಡಿದಾದ ಹದಿನಾಲ್ಕನೆಯ ತಿರುವಿನಲ್ಲಿ ಇಂಜಿನ್ ಕೂಗಿತು, ಪೆಟ್ಟಿಗೆ ಕುಂಯ್ ಎಂದಿತು.

ತಮ್ಮ ಪೆಟ್ಟಿಗೆಯ ಕಡೆ ನೋಡಲಿಲ್ಲ. ತೊಡೆಯ ಮೇಲಿದ್ದ ಕಟ್ಟಿನಿಂದ ಇನ್ನೊಂದು ಫಾರಂ ಎಳೆದ. ಮೇಲೆ ನನ್ನ ಹೆಸರು ಬರೆದ. ನನ್ನನ್ನು ಒಂದು ಮಾತೂ ಕೇಳದೆ ಕಾರಣವನ್ನೂ ತಾನೇ ಬರೆದ.