ಕಾವಿಗಿಟ್ಟ ಮೊಟ್ಟೆಗಳು

ಹೆಣದ ಕಾಲಿಗೆ ಬಿಳಿ ಕಾಲುಚೀಲ ಏರಿಸುತ್ತಿದ್ದ ನೆರೈದಾಳ ಕೈ ಅಲ್ಲೇ ನಿಂತಿತು. ತಲೆಯ ಮೇಲಿನ ಫ್ಯಾನು ಕಿರುಗುಟ್ಟಿ ನಿಂತುಹೋಗಿತ್ತು.

"ಅಯ್ಯೋ ದೇವರೇ, ಕರೆಂಟು! ಮೊಟ್ಟೆ!"

"ಮೊದಲು ಇನ್ನೊಂದು ಕಾಲಿಗೆ ಹಾಕೇ," ಎಂದಳು ಸತ್ತ ಲಾಲಾ ಟೀಚರ್‌ನ ಅಕ್ಕ ಪ್ರೆಸೆಂತಾ. "ನನ್ನ ತಂಗಿ ಇಲ್ಲಿ ಮಲಗಿದಾಳೆ, ಇವಳಿಗೆ ಮೊಟ್ಟೆ ಚಿಂತೆ."

ಚಿಂತೆಯೇ ಮತ್ತೆ! ಶಿಶುವಿಹಾರದಲ್ಲಿ, ಬಲ್ಬು ಹಚ್ಚಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಲಾಲಾ ಟೀಚರ್ ಕಾವಿಗಿಟ್ಟಿದ್ದ ಮೊಟ್ಟೆಗಳು ಇವತ್ತೋ ನಾಳೆಯೋ ಒಡೆಯಬೇಕಿತ್ತು. ಆಯಾ ನೆರೈದಾ ಹೋಗಿ ನೋಡೋಣವೆಂದರೆ ಹೆಣ ತೊಳೆದ ಕೈ. ಮಾಗ್ದಲೇನಾ ನದಿ ದಂಡೆಯ ಆ ಊರಿನಲ್ಲಿ ಹೆಣ ಮುಟ್ಟಿದವರಿಗೆ ಹೆಣದ ಚಳಿ ಅಂಟಿರುತ್ತದೆ. ಬಸುರಿಗೂ ಎಳೆಮಕ್ಕಳಿಗೂ ಕಾವಿನ ಮೊಟ್ಟೆಗೂ ಅದು ತಾಗಬಾರದು. ಅದಕ್ಕೇ ಮಕ್ಕಳನ್ನೆಲ್ಲ ಶಾಲೆಯಲ್ಲೇ ಬಸುರಿ ಅಡುಗೆಯವಳು ಮಾರ್ಯೂರಿಯ ಬಳಿ ಬಿಟ್ಟು, ಊರು ಸಾವಿನ ಮನೆಗೆ ಬಂದಿತ್ತು.

* * *

ಹೋದ ವರ್ಷ ಬೇಕರಿ ಮುದುಕನ ಸಾವಿಗೆ ಹೋಗಿ ಬಂದ ಲಾಲಾ ನೇರವಾಗಿ ಪೆಟ್ಟಿಗೆಗೆ ಕೈ ಹಾಕಿದ್ದಳು. ಒಂದು ಮೊಟ್ಟೆಯೂ ಒಡೆಯಲಿಲ್ಲ. ಬಲ್ಬು ಸುಟ್ಟುಹೋಗಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ, ಊರ ಬಾಯಿಗೆ ಬೀಗ ಹಾಕುವವರಾರು? "ಚಳಿ ತಂದು ಮರಿಗಳನ್ನ ಕೊಂದೆ," ಎಂದು ಪ್ರೆಸೆಂತಾ ನಡುಬೀದಿಯಲ್ಲೇ ಅಂದಳು. ಅಕ್ಕತಂಗಿ ಅಂದೇ ಮಾತು ಬಿಟ್ಟರು.

ಸಂತೆಯಿಂದ ಮರಿ ತಂದು ಪೆಟ್ಟಿಗೆಯಲ್ಲಿಟ್ಟರಾಯಿತು ಎಂದು ನೆರೈದಾ ಹೇಳಿದರೆ ಲಾಲಾ ಒಪ್ಪಲಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡು, "ಸತ್ತುಹೋದ್ವು ಕಂದಾ," ಎಂದಳು. "ಬರೋ ವರ್ಷ ಮರಿ ಹೊರಗೆ ಬರೋದನ್ನ ತೋರಿಸ್ತೀನಿ, ನನ್ನಾಣೆ."

* * *

ಇನ್ನೊಂದು ಕಾಲುಚೀಲವನ್ನೂ ಏರಿಸಿ ನೆರೈದಾ ಹೊರಗೆ ಓಡಿದಳು. ಅಂಗಳದಲ್ಲಿ ಡಾಮಿನೊ ಆಡುತ್ತಿದ್ದವನೊಬ್ಬ ಕೂಗಿದ: "ಎಲ್ಲಿಗೇ? ಕಾಫಿ ಯಾರು ಕೊಡೋದು?"

"ನೀನೇ ತಗೋ, ಕೈ ಬಿದ್ದುಹೋಗಿದ್ಯಾ?"

ಶಾಲೆಯ ಹೊಸ್ತಿಲು ದಾಟಲು ಅವಳಿಗೆ ಧೈರ್ಯ ಬರಲಿಲ್ಲ. ಅವಳು ಚಳಿಯನ್ನು ಅರ್ಧ ನಂಬಿದ್ದಳು, ಅರ್ಧ ನಗುತ್ತಿದ್ದಳು. ಆದರೆ ಈ ಸಲವೂ ಮರಿ ಸತ್ತರೆ ಊರು ಲಾಲಾಳ ಹೆಸರನ್ನು ಮಣ್ಣಿನಲ್ಲೂ ನೆಮ್ಮದಿಯಾಗಿ ಬಿಡುವುದಿಲ್ಲ. ಕಿಟಕಿಯ ಹೊರಗೇ ನಿಂತು ಕೂಗಿದಳು.

"ಮಾರ್ಯೂರಿ, ಮೊಟ್ಟೆ ಮುಟ್ಟಿ ನೋಡೇ. ಬಿಸಿ ಇದ್ಯಾ?"

"ಆರ್ತಾ ಇದೆ ಅಕ್ಕಾ! ಎರಡು ಕೈಲಿ ಎಷ್ಟನ್ನ ಹಿಡೀಲಿ ನಾನು?"

"ಮಕ್ಕಳಿಗೆ ಕೊಡು. ಅಂಗಿ ಒಳಗೆ, ಹೊಟ್ಟೆಗೆ ತಾಗಿಸಿ ಹಿಡ್ಕೊಳ್ಳಲಿ. ಯಾರೂ ಅಮುಕಬೇಡ್ರೋ!"

"ನಂಗೆ ಉಚ್ಚೆ ಬಂತು," ಎಂದ ಒಬ್ಬ.

"ತಡ್ಕೋ ನನ್ನಪ್ಪಾ, ಕೈ ಮುಗೀತೀನಿ!"

"ಲಾಲಾ ಟೀಚರ್ ಯಾವಾಗ ಬರ್ತಾರೆ?" ಎಂದಳು ಯೆಲೀನಾ, ಎಲ್ಲರಿಗಿಂತ ಚಿಕ್ಕವಳು.

ನೆರೈದಾ ಬೀದಿಯ ಕಡೆ ನೋಡಿದಳು. "ಈ ದಾರೀಲೇ ಬರ್ತಾರೆ, ಪುಟ್ಟಾ."

ಬಹಳ ಹೊತ್ತು ಅವಳು ಕಿಟಕಿಯಿಂದ ಗೇಟಿಗೆ, ಗೇಟಿನಿಂದ ಕಿಟಕಿಗೆ ಸುತ್ತಿದಳು. ಆಮೇಲೆ ಇಗರ್ಜಿಯ ಗಂಟೆ ಕೇಳಿತು. ಶವಪೆಟ್ಟಿಗೆ ಹೊತ್ತ ಜನ ಬೀದಿಗೆ ತಿರುಗಿದರು. ಮುಂದೆ ಜಪಸರ ಹಿಡಿದ ಪ್ರೆಸೆಂತಾ.

"ಕಿಟಕಿ ಮುಚ್ಚೇ! ಹೆಣ ಬರ್ತಿರೋದು ಕಾಣಲ್ವಾ? ಒಳಗೆ ಮಕ್ಕಳಿದಾವೆ!"

ಬೀದಿಯ ಕಿಟಕಿಗಳೆಲ್ಲ ಆಗಲೇ ಮುಚ್ಚಿದ್ದವು. ನೆರೈದಾಳೂ ಶಾಲೆಯ ಕಿಟಕಿಯ ಹಲಗೆಗಳನ್ನು ಎಳೆದು ಮುಚ್ಚಿದಳು. ಒಳಗೆ ಕತ್ತಲಾಯಿತು, ಯಾರೋ ಅಳತೊಡಗಿದರು. ಶವಪೆಟ್ಟಿಗೆ ಶಾಲೆಯ ಮುಂದೆ ಬಂದಾಗ ಯೆಲೀನಾ ಕಿರುಚಿದಳು:

"ಕುಟ್ತಾ ಇದೆ! ನನ್ನ ಹೊಟ್ಟೆಗೆ ಕುಟ್ತಾ ಇದೆ!"

ಹೊತ್ತವರ ಕಾಲು ನಿಂತಿತು. ಪ್ರೆಸೆಂತಾಳ ಬಾಯಲ್ಲಿ ಪ್ರಾರ್ಥನೆ ಅರ್ಧಕ್ಕೇ ಉಳಿಯಿತು.

"ಬದುಕಿದಾವಾ?" ಎಂದು ನೆರೈದಾಳನ್ನು ಕೇಳಿದಳು.

"ಕೇಳಿಸಲಿಲ್ವಾ ಅಕ್ಕಾ?"

ಪ್ರೆಸೆಂತಾ ಕಿಟಕಿಯ ಬಳಿ ಬಂದಳು. ಸ್ವಲ್ಪ ಹೊತ್ತು ಹಲಗೆಯ ಮೇಲೆ ಅಂಗೈ ಊರಿ ನಿಂತಳು. ಆಮೇಲೆ ತಾನೇ ಎರಡೂ ಹಲಗೆಗಳನ್ನು ಗೋಡೆಗೆ ತಾಗುವಷ್ಟು ತೆರೆದು, ಹೊತ್ತವರ ಕಡೆ ತಿರುಗಿದಳು.

"ಇತ್ತ ತಿರುಗಿಸ್ರೋ. ತಲೆ ಈ ಕಡೆ. ಅವಳೂ ನೋಡಲಿ."

ಗಂಡಸರು ಮುಖ ಮುಖ ನೋಡಿಕೊಂಡು, ಕಾಲು ತಡವರಿಸುತ್ತ ಶವಪೆಟ್ಟಿಗೆಯ ತಲೆಭಾಗವನ್ನು ಕಿಟಕಿಗೆ ತಿರುಗಿಸಿದರು. ಒಳಗೆ ಯೆಲೀನಾ ಅಂಗಿ ಎತ್ತಿ, ಮೊಟ್ಟೆಯನ್ನು ಎರಡೂ ಕೈಗಳಲ್ಲಿ ಬೆಳಕಿಗೆ ಹಿಡಿದಳು. ಚಿಪ್ಪಿನ ಬಿರುಕಿನಲ್ಲಿ ಒದ್ದೆ ಕೊಕ್ಕೊಂದು ಬಾಯಿ ತೆರೆಯುತ್ತಿತ್ತು.