ದೇವರ ಮನೆಯ ಮೇಲಿನ ಗಾಜಿನ ಹತ್ತಿ

“ಕೆರ್ಕಳದ ನಿಲ್ಸಿ ಕೈ ಆಡ್ಸ್ರೋ ಬೋಳಿಮಕ್ಕಳಾ. ನಿಮ್ನ ಕರ್ಸಿರದು ಅಟ್ಟ ತುಂಬಾಕೆ, ಮೈ ಕೆರ್ಕಳಾಕಲ್ಲ.”

ಗುರುಮಲ್ಲಪ್ಪನ ಬೈಗುಳ ಏಣಿಯೇರಿ ಅಟ್ಟಕ್ಕೆ ಬಂತು, ಗುರುಮಲ್ಲಪ್ಪ ಬರಲಿಲ್ಲ. ಅವನು ಮನೆಯ ಪಡಸಾಲೆಯಲ್ಲಿ ಆರಾಮಕುರ್ಚಿಯ ಮೇಲೆ ಕಾಲು ಚಾಚಿ, ಮುಚ್ಚಿಗೆಯ ಹಲಗೆಗಳತ್ತ ಮುಖವೆತ್ತಿ ಬೈಯುತ್ತಿದ್ದ. ಹಲಗೆಗಳಿಗೂ ಕಾದ ತಗಡಿಗೂ ನಡುವೆ, ಎದ್ದು ಕೂತರೆ ತಲೆ ಸುಡುವ ಇಕ್ಕಟ್ಟಿನಲ್ಲಿ ಮಾದಮ್ಮನೂ ಅವಳ ಗಂಡ ದೇವಯ್ಯನೂ ಮೊಣಕಾಲೂರಿ ತೆವಳುತ್ತಿದ್ದರು. ಹಳದಿ ಹತ್ತಿಯ ಸುರುಳಿ ಬಿಚ್ಚುವುದು, ಹರಿಯುವುದು, ತೊಲೆತೊಲೆಯ ನಡುವೆ ಒತ್ತುವುದು. ಹರಿದಾಗೆಲ್ಲ ತಗಡಿನ ತೂತಿನಿಂದ ಬಿದ್ದ ಬಿಸಿಲುಕೋಲಿನಲ್ಲಿ ಹೊನ್ನಿನ ಪುಡಿಯಂಥದೊಂದು ಧೂಳು ಮೇಲೆದ್ದು, ಬೆವರಿದ ಕತ್ತಿನ ಮೇಲೆ ಸದ್ದಿಲ್ಲದೆ ಇಳಿಯುತ್ತಿತ್ತು.

ಮೊದಲ ದಿನ ಆ ಹಳದಿ ಹತ್ತಿಯನ್ನು ಕಂಡು ಮಾದಮ್ಮ ಮರುಳಾಗಿದ್ದಳು. ಬೂರುಗದ ಅರಳೆಗಿಂತ ಮೆತ್ತಗೆ ಕಂಡದ್ದನ್ನು ಕೆನ್ನೆಗೆ ಒತ್ತಿಕೊಂಡಳು. ಆ ಕೆನ್ನೆ ಎರಡು ದಿನ ಉರಿಯಿತು.

ತೆಂಕಣ ಸೀಮೆಯ ವಲಸೆಗಾರರು ಲಾರಿಗಟ್ಟಲೆ ಬಂದು ವಯನಾಡಿನ ಕಾಡು ಕಡಿದು ಮರಗೆಣಸು ನೆಡುತ್ತಿದ್ದ ಕಾಲ ಅದು. ತಾತನ ಕಾಲದಲ್ಲೇ ಗುಂಡ್ಲುಪೇಟೆಯ ಕಡೆಯಿಂದ ಬಂದು ಪನಮರಂ ಬಯಲಿನಲ್ಲಿ ಗದ್ದೆ ಹಿಡಿದಿದ್ದ ಗುರುಮಲ್ಲಪ್ಪನಿಗೆ, ನಿನ್ನೆ ಮೊನ್ನೆ ಬಂದವರು ತನ್ನ ಕಣ್ಣೆದುರಿಗೆ ತಗಡಿನ ಮನೆ ಕಟ್ಟಿಸಿದ್ದು ಗಂಟಲಲ್ಲಿ ಇಳಿಯಲಿಲ್ಲ. ಹುಲ್ಲು ಕಿತ್ತು ತಾನೂ ತಗಡು ಹೊದಿಸಿದ. ಹಗಲು ಮನೆ ಬಾಣಲೆಯಾಯಿತು. ದೊರೆಗಳ ಬಂಗಲೆಗೆ ತುಂಬುವ ಗಾಜಿನ ಹತ್ತಿ ತುಂಬಿಸಿದರೆ ಕಾವು ಒಳಗೆ ಇಳಿಯದೆಂದು ಕಲ್ಲಿಕೋಟೆಯ ವ್ಯಾಪಾರಿಯೊಬ್ಬ ಹೇಳಿದ. ದೊರೆಗಳೆಂಬ ಒಂದು ಮಾತು ಸಾಕಾಯಿತು.

ಲಾರಿಯ ಜೊತೆಗೆ ಬಂದ ವ್ಯಾಪಾರಿಯ ಆಳು ಮೋಹನನ್ ಒಂದು ಕಾಗದ ಹಿಡಿದು ಅಂಗಳದಲ್ಲಿ ನಿಂತು ಓದಿ ಹೇಳಿದ್ದ. ಇದು ಗಾಜನ್ನೇ ಕರಗಿಸಿ ಎಳೆದ ನೂಲು. ಕಣ್ಣಿಗೆ ಕಾಣದ ಮುಳ್ಳು. ಮುಟ್ಟುವವರು ತೋಳುದ್ದದ ಅಂಗಿ ತೊಡಬೇಕು, ಮೂಗು ಬಾಯಿ ಕಟ್ಟಬೇಕು, ಕಣ್ಣು ಉಜ್ಜಬಾರದು, ಧೂಳೇಳದಂತೆ ನೀರು ಚಿಮುಕಿಸಬೇಕು. ಆ ಬಟ್ಟೆಯನ್ನು ಬೇರೆ ಯಾವ ಬಟ್ಟೆಯ ಜೊತೆಗೂ ಒಗೆಯಬಾರದು. ಸುರುಳಿಗಳ ಜೊತೆ ಒಂದು ಪೊಟ್ಟಣವೂ ಬಂದಿತ್ತು: ಎರಡು ಜೊತೆ ಕೈಗವಸು, ಮೂಗಿಗೆ ಕಟ್ಟುವ ಬಟ್ಟೆ, ಕಣ್ಣಿಗೆ ಕವುಚಿಕೊಳ್ಳುವ ಕನ್ನಡಕ.

ಗುರುಮಲ್ಲಪ್ಪ ನಕ್ಕಿದ್ದ. ಇವೆಲ್ಲ ಬಿಳಿಚರ್ಮದವರ ನಾಜೂಕು, ನಮ್ಮ ಕೇರಿಯವರದು ಎಮ್ಮೆಯ ಚರ್ಮ ಎಂದಿದ್ದ. ಕೈಗವಸು ಅವನ ಹೆಂಡತಿ ಇಂದ್ರಮ್ಮನಿಗೆ ಉಪ್ಪಿನಕಾಯಿಗೆ ಮೆಣಸಿನಪುಡಿ ಕಲಸಲು ಒದಗಿತು. ಕನ್ನಡಕ ಧರಿಸಿ ಗುರುಮಲ್ಲಪ್ಪ ತೆರೆದ ಜೀಪಿನಲ್ಲಿ ಪನಮರಂ ಪೇಟೆಗೆ ಎರಡು ಸಲ ಹೋಗಿಬಂದ.

ಆದರೂ ತೋಳುದ್ದದ ಅಂಗಿಯೊಂದು ದೇವಯ್ಯನಿಗೆ ಸಿಕ್ಕಿತು. ಅದು ಕರುಣೆಯಿಂದ ಬಂದದ್ದಲ್ಲ, ಮಡಿಯಿಂದ ಬಂದದ್ದು. ಅಟ್ಟದ ಮೂಡಣ ಭಾಗ ದೇವರ ಮನೆಯ ನೆತ್ತಿ. ಕೇರಿಯವರು ಕೇರಿಯ ಬಟ್ಟೆಯಲ್ಲೇ ಮಾದೇಶ್ವರನ ತಲೆಯ ಮೇಲೆ ಓಡಾಡುವುದು ಸಲ್ಲದೆಂದು ಮನೆಯ ಪೂಜೆಯ ಅಯ್ಯನವರು ತೀರ್ಪು ಕೊಟ್ಟಿದ್ದರು. ಮನೆಯವರು ಅಟ್ಟ ಹತ್ತುವುದಂತೂ ಅವರ ಶಾಸ್ತ್ರದಲ್ಲೂ ಇರಲಿಲ್ಲ. ಹಾಗಾಗಿ ಬೆಳಗ್ಗೆ ಕೊಟ್ಟಿಗೆಯ ಹಿಂದೆ ಸ್ನಾನ ಮಾಡಿ, ಒಡೆಯನ ಹಳೆಯ ಅಂಗಿ ಪಂಚೆ ದೇವಯ್ಯನೂ ಒಡತಿಯ ಹಳೆಯ ಸೀರೆ ಮಾದಮ್ಮನೂ ಉಟ್ಟು ಹತ್ತುವುದು, ಸಂಜೆ ಬಿಚ್ಚಿಟ್ಟು ತಮ್ಮ ಚಿಂದಿ ಸುತ್ತಿಕೊಂಡು ಹೋಗುವುದು. ಬಿಚ್ಚಿಟ್ಟ ಬಟ್ಟೆ ಮತ್ತೆ ಮನೆಯ ಬಟ್ಟೆಯಾಗಬೇಕಲ್ಲ. ಬಟ್ಟೆ ಒಗೆಯುವ ಜಾನು ಬೇರೆ ಒಗೆಯಲೇ ಎಂದು ಕೇಳಿದ್ದಕ್ಕೆ ಇಂದ್ರಮ್ಮ, ಬೇರೆ ಒಗೆದರೆ ಮಡಿ ಹೇಗಾದೀತು ಎಂದು ಗದರಿ, ಮನೆಯವರ ಬಟ್ಟೆಯ ಜೊತೆಗೇ ಎಲ್ಲವನ್ನೂ ಒಂದೇ ಹಂಡೆಯಲ್ಲಿ ಕುದಿಸಲು ಹೇಳಿದಳು.

ಗಂಡಹೆಂಡಿರು ಗುಡಿಸಲಲ್ಲಿ ಬಿಸಿನೀರು ಕಾಯಿಸಿ ತೆಂಗಿನ ನಾರಿನಿಂದ ಮೈ ತಿಕ್ಕಿಕೊಂಡರು. ತಿಕ್ಕಿದಷ್ಟೂ ಮುಳ್ಳು ಒಳಗಿಳಿಯಿತು. ಮತ್ತೊಂದು ಲೋಡು ತಂದ ಮೋಹನನ್ ಮಾದಮ್ಮನ ತೋಳು ನೋಡಿ ತಲೆ ಚಚ್ಚಿಕೊಂಡ.

“ಉಜ್ಜಲೇಬಾರದು ಚೇಚೀ, ಉಜ್ಜಬೇಡಿ ಅಕ್ಕಾ. ಪಚ್ಚವೆಳ್ಳ ಸುರೀರಿ, ತಣ್ಣೀರು, ಹರೀತಾ ಇರೋ ನೀರು. ಅದೇ ಎಳ್ಕೊಂಡು ಹೋಗ್ತದೆ.”

ಮಾದಮ್ಮ ಗದ್ದೆಯಂಚಿನ ತೋಡಿನ ಹರಿವ ನೀರಿನಲ್ಲಿ ಕೂತು ಕೈಗಳನ್ನು ಹರಿಯಲು ಬಿಟ್ಟಳು. ಉರಿ ಇಳಿಯಿತು. ಆದರೆ ಅಷ್ಟರಲ್ಲಿ ದೇವಯ್ಯ ಅದೇ ಕೈಯಿಂದ ಕಣ್ಣು ಉಜ್ಜಿಕೊಂಡಿದ್ದ. ಮರುದಿನಕ್ಕೆ ಎರಡೂ ರೆಪ್ಪೆಗಳು ಊದಿ ಕೀವುಗಟ್ಟಿದವು. ಒಲೆಯ ಬೆಂಕಿ ಹೊಗೆಯಂತೆ ಕಾಣುತ್ತದೆ, ಹೊಗೆ ಕಾಣುವುದೇ ಇಲ್ಲ ಎಂದ. ಮಾದಮ್ಮ ಒಡೆಯನ ಬಳಿಗೆ ಹೋಗಿ, ಮಾನಂತವಾಡಿಯ ಡಾಕ್ಟರ ಹತ್ತಿರಕ್ಕೆ ಜೀಪಿನಲ್ಲಿ ಒಂದು ಸಲ ಕರೆದೊಯ್ಯಿರೆಂದು ಬೇಡಿದಳು. ಜೀಪಿನ ಮೆತ್ತೆಗೆ ಕಜ್ಜಿ ಹತ್ತುತ್ತದೆ ಎಂದ ಗುರುಮಲ್ಲಪ್ಪ, ಕನ್ನಡಕವನ್ನು ಹಣೆಗೇರಿಸಿ.

ಆ ವಾರ ಕಜ್ಜಿ ಜೀಪು ಹತ್ತದೆ ಮನೆಯೊಳಕ್ಕೇ ನಡೆದು ಬಂತು. ಮೊದಲು ಇಂದ್ರಮ್ಮ ಸೊಂಟ ಕೆರೆದಳು. ಗುರುಮಲ್ಲಪ್ಪ ಊಟದ ನಡುವೆ ಎಡಗೈಯಿಂದ ತೊಡೆ ಕೆರೆದ. ಹಂಡೆಯಲ್ಲಿ ಕುದ್ದ ಮಡಿಪಂಚೆ ಉಟ್ಟು ಪೂಜೆಗೆ ಕೂತ ಅಯ್ಯನವರು ಮಂತ್ರದ ಮಧ್ಯೆ ಎರಡು ಸಲ ಎದ್ದು ಕೂತು, ಮೂರನೆಯ ಸಲ ಗಂಟೆಯನ್ನು ಕೆಳಗಿಟ್ಟು, ಗಂಟೆ ಹಿಡಿದ ಕೈಗೆ ಬೇರೆ ಕೆಲಸ ಹಚ್ಚಿದರು. ಗಾಜಿಗೆ ಒಡೆಯನ ಚರ್ಮವೂ ತಿಳಿಯದು, ಎಮ್ಮೆಯ ಚರ್ಮವೂ ತಿಳಿಯದು.

ಹೊಸ ತಗಡಿನ ಮಾಡಿನ ಪೂಜೆಗೆ ಎರಡು ದಿನ ಇತ್ತು. ಗಂಡಹೆಂಡಿರಿಬ್ಬರನ್ನೂ ಅಂಗಳಕ್ಕೆ ಕರೆಸಿದರು. ದೇವಯ್ಯ ಹೆಂಡತಿಯ ಹೆಗಲು ಹಿಡಿದು ಬಂದ. ಅಯ್ಯನವರು ಜಗಲಿಯ ಮೇಲೆ ನಿಂತು, ಮಾದೇಶ್ವರ ಮುನಿದಿದ್ದಾನೆ, ಹೊಲಸಿಗೆ ಮಡಿಬಟ್ಟೆ ಉಡಿಸಿದ್ದೇ ತಪ್ಪು ಎಂದರು. ಉಡಿಸಿದವರು ಯಾರೆಂಬುದನ್ನು ಹೇಳಲಿಲ್ಲ. ಇಟ್ಟ ಕೈಗಳೇ ದೇವರ ಮನೆಯ ಮೇಲಿನದನ್ನೆಲ್ಲ ತೆಗೆಯಬೇಕು. ಈ ಸಲ ಮನೆಯ ಬಟ್ಟೆಯಿಲ್ಲ, ದೇವಯ್ಯ ಲಂಗೋಟಿಯಲ್ಲಿ ಹತ್ತಬೇಕು.

“ಹತ್ತಲಾ ಸೂಳೆಮಗನೆ,” ಎಂದ ಗುರುಮಲ್ಲಪ್ಪ, ಬೆನ್ನನ್ನು ಕಂಬಕ್ಕೆ ಉಜ್ಜುತ್ತ. “ಹತ್ತಲಿಲ್ಲ ಅಂದ್ರೆ ಸಂಜಿಗೆ ನಿನ್ನ ಗುಡ್ಲು ಇರಾಕಿಲ್ಲ.”

“ಅವನ್ಗೆ ಏಣಿ ಎಲ್ಲದೆ ಅಂತ್ಲೇ ಕಾಣಾಕಿಲ್ಲ ಬುದ್ಧಿ,” ಎಂದಳು ಮಾದಮ್ಮ.

“ತಡಕ್ಲಿ.”

ದೇವಯ್ಯ ನಿಜವಾಗಿಯೂ ತಡಕಿದ. ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ ಏಣಿ ಹುಡುಕುತ್ತ ಎರಡು ಹೆಜ್ಜೆ ಇಟ್ಟ. ಯಾರೋ ನಕ್ಕರು. ಆ ನಗೆ ಕಿವಿಗೆ ಬಿದ್ದದ್ದೇ ಮಾದಮ್ಮ ಗಂಡನನ್ನು ಹಿಡಿದು ನಿಲ್ಲಿಸಿದಳು. ಸೆರಗನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ಮೂಗು ಬಾಯಿಗೆ ಬಿಗಿದಳು. ಕಣ್ಣೆರಡು ಬಿಟ್ಟು ತಲೆಗೂ ಸುತ್ತಿದಳು. ದನದ ಕೊಟ್ಟಿಗೆಯ ಗೋಣಿಚೀಲ ಹರಿದು ಮೊಣಕೈವರೆಗೆ ಕಟ್ಟಿಕೊಂಡಳು. ನಾನೇ ಹತ್ತುತ್ತೇನೆ ಎಂದಳು. ಯಾರು ಹತ್ತಿದರೇನು ಎಂದ ಒಡೆಯ.

ಅವಳು ಹತ್ತಿದಳು. ಹತ್ತಿದ ಮೇಲೆ ಏಣಿಯನ್ನೂ ಎಳೆದುಕೊಂಡಳು.

ಅದು ಮೇಲೆ ಸರಿಯುವುದನ್ನು ಜಗಲಿಯವರೆಲ್ಲ ಬಾಯಿಬಿಟ್ಟು ನೋಡಿದರು. ಮಾದಮ್ಮ ತೆವಳಿಕೊಂಡು ನೇರವಾಗಿ ದೇವರ ಮನೆಯ ಮೇಲೆ ಹೋಗಿ ಕೂತಳು. ಹಲಗೆಗಳ ಸಂದಿನಲ್ಲಿ ಪಟವೂ ದೀಪವೂ ಕಂಡವು. ತೆರೆದ ಬಾಗಿಲ ನೇರಕ್ಕೆ ಜಗಲಿಯ ತುಣುಕೊಂದು ಕಾಣುತ್ತಿತ್ತು. ಅಯ್ಯನವರು ಓಡಿ ಬಂದು ಕತ್ತೆತ್ತಿದರು.

“ಅಯ್ನೋರೆ,” ಎಂದಳು, ಒದ್ದೆ ಬಟ್ಟೆಯೊಳಗಿಂದ, ತುಂಬ ನಿಧಾನವಾಗಿ. “ಕಜ್ಜಿ ನಮ್ದಲ್ಲ, ನಿಮ್ ಮಡೀದು. ಬ್ಯಾರೆ ಒಗೀಬೇಕು ಅಂತ ಕಾಗ್ದ ಓದಿದ್ದ ನೀವೆಲ್ಲ ಕೇಳಿದ್ರಿ. ನನ್ ಗಂಡನ್ನ ಜೀಪಲ್ಲಿ ಕುಂಡ್ರಿಸ್ಕಂಡು ಡಾಕ್ಟ್ರತ್ರ ಹೊಂಡಿ. ಜೀಪು ಸದ್ದು ಮಾಡ್ಕಂಡು ತೋಡು ದಾಟಗಂಟ ನಾನು ಇಲ್ಲೇ ಕುಂತಿರ್ತೀನಿ, ನಿಮ್ ದ್ಯಾವ್ರ ತಲೆ ಮ್ಯಾಲೆ.”

ಗುರುಮಲ್ಲಪ್ಪ ಅವಳ ತಾಯಿಯನ್ನೂ ತಾಯಿಯ ತಾಯಿಯನ್ನೂ ಬೈದ. ಆಳುಗಳಿಗೆ ಬೇರೆ ಏಣಿ ತಂದು ಹತ್ತಿರೆಂದ. ತಮಗೆ ಮಡಿಬಟ್ಟೆ ಕೊಡಿರೆಂದು ಅವರು ಕೇಳಿದರು. ಕೆರೆತ ಹತ್ತಿಸುವ ಆ ಬಟ್ಟೆಯನ್ನು ಮುಟ್ಟಿ ತರಲು ಒಬ್ಬರೂ ಒಳಗೆ ಹೋಗಲಿಲ್ಲ. ಮಾದಮ್ಮ ಕಾಲು ಮಡಿಸಿ ಕೂರುವ ಭಂಗಿ ಬದಲಿಸಿದಳು. ಸಂದಿನಿಂದ ಹೊನ್ನಿನ ಪುಡಿಯೊಂದಿಷ್ಟು ಇಳಿದು, ದೀಪದ ಬೆಳಕಿನಲ್ಲಿ ಮಿನುಗಿ, ಅಯ್ಯನವರ ಬೋಳುತಲೆಯ ಮೇಲೆ ಕೂತಿತು. ಅವರು ಹಿಂದೆ ಹಿಂದೆ ಸರಿದು ಹೊರಗೆ ಹೋದರು.

ಆಗ ಅಂಗಳದಲ್ಲಿ ಒಂಟಿಯಾಗಿ ನಿಂತಿದ್ದ ದೇವಯ್ಯ ಕೈಚಾಚಿ ಮುಂದೆ ಬಂದ. ಕಾಲಿಗೆ ಮೆಟ್ಟಿಲು ತಾಗಿತು. ಹತ್ತಿದ. ಅವನ ಅಪ್ಪನಾಗಲಿ ತಾತನಾಗಲಿ ಎಂದೂ ಮುಟ್ಟಿರದ ಜಗಲಿಯ ಮೇಲೆ, ಕೆಂಪು ಗಾರೆಯನ್ನು ಅಂಗೈಯಿಂದ ಸವರಿ ನೋಡಿ, ಕೂತ.

“ಏಳ್ಲಾ. ಎಲ್ಲಿ ಕುಂತಿದ್ದಯ್ಯ ಗೊತ್ತಾಯ್ತದಾ ನಿಂಗೆ?” ಎಂದು ಗುರುಮಲ್ಲಪ್ಪ ಅರಚಿದ.

“ಕಣ್ ಕಾಣಾಕಿಲ್ವಲ್ಲ ಬುದ್ಧಿ,” ಎಂದ ದೇವಯ್ಯ. “ಎಲ್ಲಿ ಕುಂತಿವ್ನಿ ಅಂತ ನೀವೇ ಹೇಳಿ.”

ಒಡೆಯ ಅವನನ್ನು ಎಳೆದಿಳಿಸಬೇಕೆಂದರೆ ಮುಟ್ಟಬೇಕಾಗಿತ್ತು, ಆಳುಗಳು ಎಳೆಯಬೇಕೆಂದರೆ ಅವರೂ ಜಗಲಿ ಹತ್ತಬೇಕಾಗಿತ್ತು. ದೇವಯ್ಯ ಗೋಡೆಗೆ ಬೆನ್ನು ಆನಿಸಿ ಎರಡೂ ಕಾಲು ಚಾಚಿದ.