ಏಲಿಶ್ವಾ ಬೇಯಿಸಹೊರಟ ಪೆಸಹಾ ರೊಟ್ಟಿ

ಯೇಸುವಿನ ಕೊನೆಯ ಊಟವನ್ನು ನೆನೆಯುವ ಪೆಸಹಾ ಗುರುವಾರದ ಸಂಜೆ ರೊಟ್ಟಿಯನ್ನು ಬಾಳೆಲೆಯಲ್ಲಿ ಮುಚ್ಚಿಕೊಂಡು ಪಕ್ಕದ ಏಲಿಶ್ವಾಳ ಮನೆಗೆ ಹೋದೆ. ಸಾವಾದ ಮನೆಯಲ್ಲಿ ಆ ವರ್ಷ ಪೆಸಹಾ ರೊಟ್ಟಿ ಬೇಯಿಸುವುದಿಲ್ಲ, ನೆರೆಯವರು ಒಯ್ದು ಕೊಡಬೇಕು. ಅವಳ ಗಂಡ ಪೋತನ್‌ನ ದೋಣಿ ಹಿನ್ನೀರಿನಲ್ಲಿ ಮಗುಚಿದ್ದು ಮಳೆಗಾಲದಲ್ಲಿ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಊರೆಲ್ಲ ಅತ್ತು ಮುಗಿಸಿತ್ತು. ಏಲಿಶ್ವಾ ಮಾತ್ರ ಅತ್ತಿರಲಿಲ್ಲ.

ಬಾಗಿಲಲ್ಲೇ ನನ್ನ ಕಾಲು ನಿಂತುಬಿಟ್ಟಿತು. ಒಲೆಯ ಮೇಲೆ ಹಬೆಪಾತ್ರೆ ಕುದಿಯುತ್ತಿದೆ! ಪಕ್ಕದ ತಟ್ಟೆಯಲ್ಲಿ ಅಕ್ಕಿ, ಉದ್ದಿನ ಹಿಟ್ಟು. ಮೇಲೆ ತೆಂಗಿನ ಗರಿಯ ಶಿಲುಬೆ ಬೇರೆ ಇಟ್ಟಾಗಿದೆ.

"ತ್ರೇಸ್ಯಾ ಚೇಚಿ, ಅದನ್ನ ವಾಪಸ್ ತಗೊಂಡೋಗಿ. ಈ ಮನೇಲಿ ಯಾರೂ ಸತ್ತಿಲ್ಲ," ಅಂದಳು ಏಲಿಶ್ವಾ; ನನ್ನನ್ನು ಅಕ್ಕ ಅಂತಲೇ ಕರೆಯುವವಳು.

ಪೋತನ್‌ನ ಅಣ್ಣ ಇಟ್ಟೂಪ್ ಜಗಲಿಯಿಂದ ಗುಡುಗಿದ. "ಹುಚ್ಚು ಹಿಡಿದಿದ್ಯಾ ನಿಂಗೆ? ಅವನ ಆತ್ಮಕ್ಕೆ ಒಂದು ಪ್ರಾರ್ಥನೆ ಮಾಡ್ಸೋಕೂ ಬಿಡಲ್ಲ. ಊರಿಗೂರೇ ಹೇಳ್ತಿದೆ, ಇವಳೊಬ್ಬಳು ನಂಬಲ್ಲ!"

ಏಲಿಶ್ವಾ ಭಾವನತ್ತ ತಿರುಗಿದಳು. "ಸತ್ತ ಯೇಸು ಎದ್ದು ಬಂದ ಅಂತ ತೋಮಾ ಶ್ಲೀಹನಿಗೂ ಎಲ್ಲ ಸೇರಿ ಹೇಳಿದ್ರು, ಅಚ್ಚಾಯ. ಗಾಯಕ್ಕೆ ಬೆರಳಿಟ್ಟು ನೋಡ್ದೆ ನಂಬಲ್ಲ ಅಂದ್ನಲ್ಲ ಅವ್ನು?"

"ಓಹೋ, ಶ್ಲೀಹನ ತಂಗಿ ಬಂದ್ಳು ನೋಡಿ!"

ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದ ಅವನ ತಾಯಿ ತಲೆಯೆತ್ತಿದಳು. "ಶ್ಲೀಹನನ್ನ ಅಣಕಿಸ್ಬೇಡ ಕಣೋ. ಮಿಕ್ಕ ಶಿಷ್ಯರು ಹೆದರಿ ಕದ ಹಾಕ್ಕೊಂಡು ಕೂತಾಗ ಹೊರಗೆ ಓಡಾಡ್ತಿದ್ದೋನು ಅವನೊಬ್ನೇ. ಕಡಲು ದಾಟಿ ನಮ್ಮ ಹತ್ರ ಬಂದೋನೂ ಅವನೇ. ಬೇಗ ನಂಬಿದೋರು ಯಾರು ಬಂದ್ರು ಹೇಳು?"

ಇಟ್ಟೂಪ್ ಎದ್ದು ಒಳಗೆ ಬಂದ. ಆಗಲೇ ನನಗೆ ಹೊಳೆದದ್ದು, ನಾನು ಬಂದಾಗಿನಿಂದ ಅವನು ಯಾರ ಮುಖವನ್ನೂ ನೋಡಿಲ್ಲ. ನಿಧಾನಕ್ಕೆ ಚೀಲದಿಂದ ಕೆಸರು ಹಿಡಿದ ಅಂಗಿಯೊಂದನ್ನು ತೆಗೆದ.

"ಬೆಳಿಗ್ಗೆ ಚಿಪ್ಪು ಬಾಚೋರ ಬಲೆಗೆ ಮೂಳೆ ಸಿಕ್ವು. ಜೊತೆಗೆ ಇದಿತ್ತು. ಹೇಳೋಕೆ ಬಾಯಿ ಬರ್ಲಿಲ್ಲಮ್ಮ."

ಜಪಮಾಲೆಯ ಸದ್ದು ನಿಂತಿತು.

"ಇಂಥ ಅಂಗಿ ಊರಲ್ಲಿ ಎಷ್ಟಿಲ್ಲ?" ಅಂದಳು ಏಲಿಶ್ವಾ. ಆದರೆ ಕೈ ಆಗಲೇ ಅದನ್ನು ಕಿತ್ತುಕೊಂಡಿತ್ತು. ಒಳಮಗ್ಗುಲು ತಿರುಗಿಸಿ, ಕಂಕುಳ ಹರುಕಿಗೆ ಬೆರಳು ತೂರಿಸಿದಳು. ಬೆರಳು ಹೊಲಿಗೆಯ ಜಾಡು ಹಿಡಿದು ಹೋಯಿತು, ಗಂಟೊಂದಕ್ಕೆ ತಾಗಿ ನಿಂತಿತು. ಬಲೆಯ ದಾರದ ಗಂಟು. ಅಂಗಿಯನ್ನು ಬಲೆದಾರದಲ್ಲಿ ಹೊಲಿಯುವವಳು ಊರಿಗೆಲ್ಲ ಅವಳೊಬ್ಬಳೇ. ಅದಕ್ಕೆ ಎಷ್ಟು ನಕ್ಕಿದ್ದೇವೆ ನಾವು!

ಬೆರಳು ಅಲ್ಲಿಂದ ಅಲುಗಲೇ ಇಲ್ಲ.

"ನನ್ನದೇ," ಎಂದಳು ಕೊನೆಗೆ.

ಒಲೆಯ ಕೊಳ್ಳಿಗಳನ್ನು ಹೊರಗೆಳೆದಳು. ಹಿಟ್ಟಿನ ಮೇಲಿನ ಗರಿಯ ಶಿಲುಬೆಯನ್ನು ಎತ್ತಿ ಅತ್ತೆಯ ಮಡಿಲಲ್ಲಿಟ್ಟಳು. ಮುದುಕಿ ಅವಳ ತಲೆಯನ್ನು ತಬ್ಬಿಕೊಂಡಳು. ಆಗ ಬಂತು ಅಳು, ಇಷ್ಟು ತಿಂಗಳದ್ದೂ ಒಟ್ಟಿಗೆ.

ಎಷ್ಟೋ ಹೊತ್ತಿನ ಮೇಲೆ ಎದ್ದು ನನ್ನೆದುರು ಕೈಯೊಡ್ಡಿದಳು. "ಕೊಡಿ ಚೇಚಿ."

ಕೊಡಲೆಂದೇ ಬಂದವಳು ನಾನು, ರೊಟ್ಟಿಯನ್ನು ಎದೆಗೊತ್ತಿಕೊಂಡು ನಿಂತಿದ್ದೆ. ಅವಳೇ ಬಿಡಿಸಿಕೊಂಡಳು.